ಆರು ತಾಸು

ಶಹಾಪುರದ ದವಾಖಾನೆ. ಆ ದಿನದ ಮೂರನೆಯವಳು ಮೋನಮ್ಮ.
ಹೊಕ್ಕುಳ ಕೆಳಗೆ ಎರಡು ಬೆರಳಗಲ ಗೀರು,
ಒಳಗಿನ ಎರಡೂ ನಾಳ ಗಂಟು ಬಿಗಿದಾಗಿತ್ತು.
ಹೊಲಿಗೆಗೆ ಮೊದಲು ತಸ್ಕೀನ್ ಮೇಡಂ ಕೈ ಚಾಚಿದರು:
‘ಸಿಸ್ಟರ್, ಬುಪಿವಕೇನ್.’

ನೀರಿನಂಥದೇ ಔಷಧ.
ಗಾಯದ ಈ ದಂಡೆಗಿಷ್ಟು, ಆ ದಂಡೆಗಿಷ್ಟು,
ಬಡಿಯುವಾಗ ರೊಟ್ಟಿಯ ಅಂಚು ಬಿರಿಯದಂತೆ
ಒದ್ದೆ ಬೆರಳು ಆಡಿಸುತ್ತಾರಲ್ಲ, ಹಾಗೆ.
‘ನಿದ್ದಿ ಇಳಿದ ಮ್ಯಾಲ ಆರು ತಾಸು
ಈ ಗಾಯ ಬಾಯಿ ತೆಗೀಬಾರದು’ ಅಂದರು.
ಮೇಡಂ ಹೊಸಬರು. ಬಂದು ನಾಲ್ಕು ತಿಂಗಳು.

ವಾರ್ಡಿನಲ್ಲಿ ಎಚ್ಚರಾದ ಮೋನಮ್ಮ
ಹೊಟ್ಟೆ ಮುಟ್ಟಿ ನೋಡಿಕೊಂಡಳು,
ಬೇರೆಯವರ ಹೊಟ್ಟೆ ಮುಟ್ಟಿದವಳ ಹಾಗೆ.
‘ಜೋಮು ಹಿಡದದ್ರಿ. ಇಲ್ಲಿ ಯಾರೂ ಇಲ್ಲ.’
ಕಿಟಕಿಯಾಚೆ ಅಂಗಾತ ಮಲಗಿದ ಬುದ್ಧನ ಗುಡ್ಡ,
ಹಣೆ, ಮೂಗು, ಎದೆ, ಬಿಸಿಲು.
‘ಅವಂಗೂ ಇದೇ ಸೂಜಿ ಕೊಟ್ಟೀರೇನ್ರಿ?’
ನಗಬೇಡ, ಹೊಲಿಗೆ ಅದಾವ ಅಂದೆ. ನಾನೇ ನಕ್ಕೆ.

ಎರಡು ಗಂಟೆಗೆ ಅತ್ತೆ ಬಂದಳು, ಸಾಬಮ್ಮ.
ಬುತ್ತಿಯ ಗಂಟು ಕೆಳಗಿಟ್ಟವಳೇ ಸೊಸೆಯ ಮುಖ ನೋಡಿದಳು.
‘ಬ್ಯಾನಿ ಇಲ್ಲಂತಾಳ! ಆಪರೇಷನ್ ಆಗ್ಯಾದೋ ಇಲ್ಲೋ?
ಆಗಿದ್ರ ಹಿಂಗ ಕುಂತು ಮಾತಾಡ್ತಿದ್ಲೇನು?
ನಾಳಿಗಿ ನೀರು ತರಾಕ ಅಡ್ಡಿಯಿಲ್ಲ ಹಂಗಾದ್ರ.’

ಮೋನಮ್ಮ ನನ್ನ ಕಡೆ ನೋಡಿದಳು.
ಆಮೇಲೆ ಮೆಲ್ಲಗೆ
‘ಯವ್ವಾ’ ಅಂದಳು. ಪಕ್ಕೆಗೆ ಹೊರಳಿ, ಇನ್ನೊಮ್ಮೆ, ಜೋರಾಗಿ.
ಅದು ಸುಳ್ಳೆಂದು ನನಗೆ ಗೊತ್ತು.
ನರಳುವ ಸದ್ದಿಗಿರುವ ಬೆಲೆ
ಚೀಟಿಗಿಲ್ಲ, ಸಹಿಗಿಲ್ಲ, ಗಾಯಕ್ಕೂ ಇಲ್ಲ.
‘ಹದಿನೈದು ದಿನ ಕೊಡ ಎತ್ತಂಗಿಲ್ಲ’ ಅಂದೆ,
ಮೇಡಂ ಹೇಳಿದ್ದಕ್ಕೆ ಒಂದು ವಾರ ಕೂಡಿಸಿ.

ನನ್ನದಾದದ್ದು ಸಾಲಿಯ ಕೋಣೆಯಲ್ಲಿ.
ಜಮಖಾನದ ಮೇಲೆ ಸಾಲಾಗಿ ಮೂವತ್ತು ಮಂದಿ,
ಬೋರ್ಡಿನ ಮೇಲೆ ಯಾರೂ ಅಳಿಸದ ಹದಿಮೂರರ ಮಗ್ಗಿ.
ಸೆರಗು ಕಚ್ಚಿಕೊಂಡು ಓದುತ್ತಿದ್ದೆ.
ಹದಿಮೂರೇಳ್ಲೆ ತೊಂಬತ್ತೊಂದು,
ಅಲ್ಲಿಂದ ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ.
‘ಹೆಣ್ಣಾಗಿ ಹುಟ್ಟಿದ ಮ್ಯಾಲ ಇಷ್ಟು ತಡಕೋಬೇಕವ್ವ’
ಅಂದಿದ್ದಳು ಬಕೆಟ್ಟು ಹಿಡಿದ ಆಯಾ.
ಆ ಮಾತನ್ನು ನಾನೂ ಅಂದಿದ್ದೇನೆ,
ಈ ಬಿಳಿ ಸೀರೆಯಲ್ಲಿ, ಇದೇ ಮಂಚಗಳ ನಡುವೆ.
ಎಷ್ಟು ಮಂದಿಗೆ? ಲೆಕ್ಕ ಇಟ್ಟಿಲ್ಲ.
ರಿಜಿಸ್ಟರಿನಲ್ಲಿ ಹತ್ತಿಗೆ ಕಾಲಂ ಇದೆ, ಅದಕ್ಕಿಲ್ಲ.

ಸಂಜೆ ಐದೂವರೆಗೆ ಮೋನಮ್ಮ ಕರೆದಳು.
‘ಬಂತ್ರಿ ಸಿಸ್ಟರ್.’
ಸುರಪುರದ ಬಸ್ಸು ತಿರುವಿನಲ್ಲಿ ಕಂಡವಳ ಹಾಗೆ.
‘ಬಾಳ ಇಲ್ಲ. ಇರುವಿ ಹರದಂಗ.’
ಒಂದು ಗುಳಿಗೆ ಕೊಟ್ಟೆ. ನೀರು ಕುಡಿದು,
ಈಗ ನಿಜಕ್ಕೂ ನರಳಬಹುದಾದ ಹೊತ್ತಿನಲ್ಲಿ
ನಿದ್ದೆ ಹೋದಳು.

ಬಾಗಿಲ ಹತ್ತಿರ ಸಾಬಮ್ಮ ನಿಂತಿದ್ದಳು.
‘ನಾ ಎಲ್ಲಾ ನೋಡೀನಿ’ ಅಂದಳು. ‘ಮಧ್ಯಾನ ಅಕಿ ನಾಟಕ.’
ಸ್ವಲ್ಪ ಹೊತ್ತು ಸುಮ್ಮನಿದ್ದು,
ಎಡಗೈಯನ್ನು ತನ್ನ ಸೀರೆಯ ನೆರಿಗೆಯ ಮೇಲಿಟ್ಟು,
‘ಆ ಸೂಜಿ ನಮ್ಮ ಕಾಲಕ್ಕ ಇರಲಿಲ್ಲೇನ್ರಿ?’

ಇರಲಿಲ್ಲ ಅಂದುಬಿಟ್ಟರೆ
ಇಬ್ಬರಿಗೂ ಹಗುರ.
ಟ್ರೇ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ.
‘ಇತ್ತು’ ಅಂದೆ.

ಅವಳು ಏನೂ ಅನ್ನಲಿಲ್ಲ.
ಹೋಗಿ ಮಂಚದ ಕಾಲ ಬಳಿ ಕೂತು
ಸೊಸೆಯ ಪಾದದ ಮೇಲಿನ ನೊಣವನ್ನು
ಸೆರಗಿನಿಂದ ಓಡಿಸಿದಳು.
ಅದು ಮತ್ತೆ ಬಂತು. ಮತ್ತೆ ಓಡಿಸಿದಳು.